ಮಕ್ಕಳ ಮೆದುಳಿನ ಗಡ್ಡೆ: ಕರಾವಳಿಯಲ್ಲಿ ಕಳೆದುಹೋಗುವ ವಾರಗಳು

ಕುಂದಾಪುರದ ಒಳಭಾಗದ ನಮ್ಮ ಊರಿನಲ್ಲಿ ಶಾಲೆಗೆ ಹೋಗುವ ಮಕ್ಕಳು ಈಗಲೂ ಒಂದು ಕಾಲುಸಂಕವನ್ನು ದಾಟಬೇಕು. ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ, ಒಂದು ಬದಿಗೆ ಮಾತ್ರ ಹಿಡಿಕೆಯಿರುವ ಸಂಕ ಅದು. ನಮ್ಮ ಸಂಬಂಧಿಕರ ಮನೆಯ ಏಳು ವರ್ಷದ ಹುಡುಗಿಯೊಬ್ಬಳು ಒಂದು ಮಳೆಗಾಲದಲ್ಲಿ ಆ ಸಂಕದ ಬುಡಕ್ಕೆ ಬಂದು ನಿಲ್ಲತೊಡಗಿದಳು. ಅದುವರೆಗೆ ಓಡಿಕೊಂಡೇ ದಾಟುತ್ತಿದ್ದವಳು "ಅಮ್ಮ, ಕೈ ಹಿಡ್ಕೊ" ಎಂದು ಕೇಳತೊಡಗಿದಳು. ಅದಕ್ಕೂ ಎರಡು ತಿಂಗಳ ಹಿಂದಿನಿಂದ ಬೆಳಿಗ್ಗೆ ಎದ್ದ ಕೂಡಲೆ ತಲೆನೋವು ಎನ್ನುತ್ತಿದ್ದಳು, ಹಲ್ಲುಜ್ಜುವಾಗ ಕಾರುತ್ತಿದ್ದಳು. ಕಾರಿದ ಮೇಲೆ ನೋವು ಇಳಿಯುತ್ತಿತ್ತು. ಗಂಜಿ ಉಂಡು ಎಂದಿನಂತೆ ಶಾಲೆಗೆ ಹೊರಡುತ್ತಿದ್ದಳು. ಅಜ್ಜಿ ಪಿತ್ತ ಎಂದರು, ಹುಳದ ಮದ್ದು ಕೊಟ್ಟಾಯಿತು, ಆಸಿಡಿಟಿಯ ಸಿರಪ್ ಕುಡಿಸಿದ್ದಾಯಿತು, ಪೇಟೆಯ ಅಂಗಡಿಯೊಂದರಲ್ಲಿ ಕನ್ನಡಕವೂ ಆಯಿತು. ಶಾಲೆ ತಪ್ಪಿಸಲು ನೆವ ಇರಬಹುದೆಂದು ಅನುಮಾನಿಸಿದವರೂ ಇದ್ದರು. ಕಾಲುಸಂಕದ ಮೇಲೆ ಆ ಹೆಜ್ಜೆ ತಡವರಿಸಿದ್ದನ್ನು ತಾಯಿ ಗಮನಿಸದೆ ಇದ್ದಿದ್ದರೆ ಇನ್ನೆಷ್ಟು ವಾರ ಹೋಗುತ್ತಿದ್ದವೋ ತಿಳಿಯದು. ಎಂಆರ್‌ಐ ಆದಾಗ ಕಿರುಮೆದುಳಿನ ನಡುವೆ, ಮೆದುಳಿನ ದ್ರವ ಹರಿಯುವ ದಾರಿಗೆ ಅಡ್ಡವಾಗಿ, ನಿಂಬೆಹಣ್ಣಿನ ಗಾತ್ರದ ಗಡ್ಡೆ ಇತ್ತು. ಮೆಡುಲ್ಲೊಬ್ಲಾಸ್ಟೋಮ ಎಂಬ ಹೆಸರನ್ನು ಆ ಮನೆಯವರು ಅಂದೇ ಮೊದಲ ಬಾರಿಗೆ ಕೇಳಿದ್ದು.

ರಾತ್ರಿಯಿಡೀ ಮಲಗಿದ್ದಾಗ ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ದ್ರವದ ದಾರಿಯೂ ಕಟ್ಟಿಕೊಂಡಿದ್ದರೆ ಆ ಒತ್ತಡ ಬೆಳಗಿನ ಹೊತ್ತಿಗೆ ತಲೆನೋವಾಗಿ, ವಾಂತಿಯಾಗಿ ಹೊರಗೆ ಕಾಣಿಸಿಕೊಳ್ಳುತ್ತದೆ. ಹೊಟ್ಟೆಯದ್ದೆಂದು ತೋರುವ ಲಕ್ಷಣದ ಮೂಲ ತಲೆಯಲ್ಲಿರುವುದರಿಂದಲೇ ಈ ಕಾಯಿಲೆ ಮೋಸ ಮಾಡುತ್ತದೆ. ತಲೆನೋವೆನ್ನುವ ನೂರಾರು ಮಕ್ಕಳಲ್ಲಿ ಗಡ್ಡೆ ಇರುವುದು ತೀರಾ ವಿರಳ, ಆದ್ದರಿಂದ ಪ್ರತಿಯೊಂದು ತಲೆನೋವಿಗೂ ಸ್ಕ್ಯಾನ್ ಮಾಡಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಬೆಳಗಿನ ವಾಂತಿ ಎರಡು ವಾರ ದಾಟಿದರೆ, ಅದರ ಜತೆಗೆ ನಡಿಗೆ ಓಲಾಡಿದರೆ, ಹೊಸದಾಗಿ ಮೆಳ್ಳೆಗಣ್ಣು ಬಂದರೆ, ಕತ್ತು ಒಂದೇ ಕಡೆಗೆ ವಾಲಿದರೆ, ಎಳೆಗೂಸಿನ ತಲೆಯ ಸುತ್ತಳತೆ ಬೇಗಬೇಗನೆ ಹಿಗ್ಗಿದರೆ ಕಾಯುವುದಕ್ಕೆ ಕಾರಣ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಆರಂಭವಾದ ಹೆಡ್‌ಸ್ಮಾರ್ಟ್ ಅಭಿಯಾನ ಇಂಥ ಲಕ್ಷಣಗಳ ಪುಟ್ಟ ಕಾರ್ಡನ್ನು ಪೋಷಕರಿಗೂ ಊರಿನ ವೈದ್ಯರಿಗೂ ಹಂಚಿತು. ಮೊದಲ ಲಕ್ಷಣದಿಂದ ರೋಗನಿರ್ಣಯದವರೆಗೆ ಹಿಡಿಯುತ್ತಿದ್ದ ಕಾಲ, ಮೊದಲು ಸುಮಾರು 14 ವಾರಗಳಿದ್ದದ್ದು, 2013ರ ಹೊತ್ತಿಗೆ ಏಳು ವಾರಗಳ ಒಳಗೆ ಬಂತು. ಬೇಗ ಪತ್ತೆಯಾದ ಮಾತ್ರಕ್ಕೆ ಎಲ್ಲ ಗಡ್ಡೆಗಳೂ ವಾಸಿಯಾಗುವುದಿಲ್ಲ ಎಂಬುದು ನಿಜ. ತುಂಬ ಉಗ್ರವಾದವು ಹೇಗೂ ಬೇಗನೆ ತೋರಿಕೊಳ್ಳುತ್ತವೆ. ಆದರೂ ದೃಷ್ಟಿ ಉಳಿಯುವುದು, ಪ್ರಜ್ಞೆ ತಪ್ಪಿದ ಮಗುವನ್ನು ನಡುರಾತ್ರಿ ಆಪರೇಶನ್‌ಗೆ ಒಯ್ಯುವ ಪ್ರಮೇಯ ತಪ್ಪುವುದು ಸಣ್ಣ ಲಾಭವೇನಲ್ಲ.

ಕರಾವಳಿಯ ವಿಷಯಕ್ಕೆ ಬಂದರೆ ಮೊದಲು ಕೇಳುವ ಮಾತು, ನಮ್ಮಲ್ಲಿ ಆಸ್ಪತ್ರೆಗಳಿಗೇನು ಕೊರತೆ ಎಂಬುದು. ಕೊರತೆಯಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಇಂದಿನವರೆಗೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಎಂಟಕ್ಕೆ ಕಡಿಮೆಯಿಲ್ಲದಷ್ಟು ವೈದ್ಯಕೀಯ ಕಾಲೇಜುಗಳು ನೆಲೆಗೊಂಡಿವೆ. ಕಂಕನಾಡಿ, ದೇರಳಕಟ್ಟೆ, ಕುಂಟಿಕಾನ, ಮುಕ್ಕ, ಸುಳ್ಯ ಎಂದು ಹೆಸರು ಹೇಳುತ್ತಾ ಹೋಗಬಹುದು. ಹಂಪನಕಟ್ಟೆಯ ಬಳಿ ಒಂದೂಮುಕ್ಕಾಲು ಶತಮಾನ ಕಂಡ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ. ಈ ಸಾಲಿಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ರೋಗಿಗಳೂ ಬರುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಟ್ಟಲೆ ಕೂಗು ಹಾಕುತ್ತಿರುವ ಉತ್ತರ ಕನ್ನಡದವರಂತೂ ಬಂದೇ ಬರುತ್ತಾರೆ.

ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದ ಹಾಕಿ ನೋಡಬೇಕು. 2011ರ ಜನಗಣತಿಯಂತೆ ಎರಡು ಜಿಲ್ಲೆಗಳ ಜನಸಂಖ್ಯೆ ಒಟ್ಟು ಸುಮಾರು 32.7 ಲಕ್ಷ. ಅದರಲ್ಲಿ ಹದಿನೈದರ ಒಳಗಿನ ಮಕ್ಕಳು ಏಳು ಲಕ್ಷದ ಆಸುಪಾಸು ಎಂದಿಟ್ಟುಕೊಳ್ಳೋಣ. ಕ್ಯಾನ್ಸರ್ ನೋಂದಣಿ ಗಟ್ಟಿಯಾಗಿರುವ ದೇಶಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ ಮೂರರಿಂದ ಐದು ಮಂದಿಗೆ ಮೆದುಳಿನ ಗಡ್ಡೆ ಕಾಣಿಸುತ್ತದೆ. ಅದೇ ಪ್ರಮಾಣ ಇಲ್ಲಿಗೂ ಹೊಂದುತ್ತದೆ ಎಂದುಕೊಂಡರೆ ವರ್ಷಕ್ಕೆ ಇಪ್ಪತ್ತರಿಂದ ಮೂವತ್ತೈದು ಮಕ್ಕಳು. ಅದರಲ್ಲಿ ಮೆಡುಲ್ಲೊಬ್ಲಾಸ್ಟೋಮ ಐದನೆಯ ಒಂದು ಭಾಗ, ಅಂದರೆ ನಾಲ್ಕರಿಂದ ಏಳು. ಅದಕ್ಕಿಂತ ವಿರಳವಾದವು ಇಡೀ ಎರಡು ಜಿಲ್ಲೆಗೆ ವರ್ಷಕ್ಕೊಂದು, ಕೆಲವೊಮ್ಮೆ ಎರಡು ವರ್ಷಕ್ಕೊಂದು. ಇಷ್ಟೇ ಮಕ್ಕಳು ಎಂಟೊಂಬತ್ತು ದೊಡ್ಡ ಆಸ್ಪತ್ರೆಗಳಿಗೆ ಹಂಚಿಹೋಗಿ, ಅದರ ಮೇಲೆ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಎಂದು ಚದುರಿದರೆ ಒಂದೊಂದು ಕಡೆಗೆ ಉಳಿಯುವುದು ಬೆರಳೆಣಿಕೆ. ಕಟ್ಟಡ, ಯಂತ್ರ, ತಜ್ಞರು ಎಲ್ಲವೂ ಇದ್ದು ಅನುಭವ ಮಾತ್ರ ಒಂದೆಡೆ ಶೇಖರಣೆಯಾಗದ ಸ್ಥಿತಿ ಇದು. ನನ್ನ ದೃಷ್ಟಿಯಲ್ಲಿ ಕರಾವಳಿಯ ನಿಜವಾದ ತೊಡಕು ಇಲ್ಲಿದೆ, ಮತ್ತು ಅದು ಹೊಸದೊಂದು ಕಟ್ಟಡ ಕಟ್ಟುವುದರಿಂದ ಬಿಡುವಂಥದ್ದಲ್ಲ.

ಮೆದುಳಿನ ಗಡ್ಡೆ ಎಂಬುದು ಒಂದು ಕಾಯಿಲೆಯಾಗಿದ್ದರೆ ಇಷ್ಟು ಚಿಂತೆ ಬೇಕಾಗಿರಲಿಲ್ಲ. ಅಮೆರಿಕದ ವೈದ್ಯರಾದ ಹಾರ್ವಿ ಕುಶಿಂಗ್ ಮತ್ತು ಪರ್ಸಿವಲ್ ಬೇಲಿ 1925ರಲ್ಲಿ ಮೆಡುಲ್ಲೊಬ್ಲಾಸ್ಟೋಮವನ್ನು ವಿವರಿಸಿದಾಗ ಅದನ್ನು ಸೂಕ್ಷ್ಮದರ್ಶಕದಡಿ ಕಂಡ ರೂಪದಿಂದ ಗುರುತಿಸಿದ್ದರು. ಈಗ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಅದೇ ಗಡ್ಡೆಯನ್ನು ಜೀನ್‌ಗಳ ಆಧಾರದಲ್ಲಿ ಬೇರೆಬೇರೆ ಗುಂಪುಗಳಾಗಿ ಒಡೆದು ನೋಡುತ್ತದೆ. ಡಬ್ಲ್ಯೂಎನ್‌ಟಿ ಗುಂಪಿನದು ನೂರರಲ್ಲಿ ಸುಮಾರು ಹತ್ತು. ಈ ಗುಂಪಿನಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಉಳಿಯುತ್ತಾರೆ. ಮೂರನೆಯ ಗುಂಪಿನಲ್ಲಿ ಮಿಕ್ ಎಂಬ ಜೀನ್ ಹೆಚ್ಚಾಗಿ ನಕಲಾಗಿದ್ದರೆ, ಅದರಲ್ಲೂ ಪುಟ್ಟ ಮಗುವಿನಲ್ಲಿ, ಪರಿಸ್ಥಿತಿ ತೀರಾ ಬೇರೆ. ಎಸ್‌ಎಚ್‌ಎಚ್ ಗುಂಪಿನ ಗಡ್ಡೆಯಲ್ಲಿ ಟಿಪಿ53 ಜೀನಿನ ದೋಷ ಕಂಡುಬಂದರೆ ಅದು ಹುಟ್ಟಿನಿಂದಲೇ ಬಂದಿರಬಹುದಾದ್ದರಿಂದ ಒಡಹುಟ್ಟಿದವರನ್ನೂ ತಂದೆತಾಯಿಯನ್ನೂ ಪರೀಕ್ಷಿಸುವ ಪ್ರಶ್ನೆ ಏಳುತ್ತದೆ. ಸೋದರ ಸಂಬಂಧದ ಮದುವೆ ನಡೆಯುವ ಸಮುದಾಯಗಳಲ್ಲಿ ಇನ್ನೊಂದು ಜಾಗರೂಕತೆ ಬೇಕು. ಮೈಮೇಲೆ ಹಾಲು ಬೆರೆತ ಕಾಫಿಯ ಬಣ್ಣದ ಮಚ್ಚೆಗಳಿರುವ ಮಗುವಿನಲ್ಲಿ ಉಗ್ರ ಬಗೆಯ ಗಡ್ಡೆ ಕಂಡರೆ, ಡಿಎನ್‌ಎಯ ತಪ್ಪುಗಳನ್ನು ತಿದ್ದುವ ಜೀನ್‌ಗಳೇ ತಂದೆ ಮತ್ತು ತಾಯಿ ಇಬ್ಬರ ಕಡೆಯಿಂದಲೂ ಕೆಟ್ಟು ಬಂದಿರಬಹುದು. ಅಂಥ ಗಡ್ಡೆಗೆ ರೂಢಿಯ ಟೆಮೊಜೊಲೊಮೈಡ್ ಎಂಬ ಕಿಮೊ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ತಿರುಗಿಸುವ ಇಮ್ಯುನೊಥೆರಪಿ ನಾಟುವ ಸಾಧ್ಯತೆಯಿದೆ. ಒಂದು ಮಚ್ಚೆಯನ್ನು ಗಮನಿಸಿದರೆ ಚಿಕಿತ್ಸೆಯ ದಿಕ್ಕೇ ಬದಲಾಗಬಹುದು ಎನ್ನುವುದಕ್ಕೆ ಈ ಉದಾಹರಣೆ.

ಮೂರು ವರ್ಷದೊಳಗಿನ ಮಕ್ಕಳಲ್ಲಿ ಬರುವ ಎಟಿಆರ್‌ಟಿ ಎಂಬ ಗಡ್ಡೆ ಸೂಕ್ಷ್ಮದರ್ಶಕದಡಿ ಬೇರೆಯವುಗಳಂತೆಯೇ ತೋರಬಹುದು. ಐಎನ್‌ಐ1 ಎಂಬ ಪ್ರೋಟೀನು ಜೀವಕೋಶಗಳಲ್ಲಿ ಇದೆಯೇ ಇಲ್ಲವೇ ಎಂದು ಬಣ್ಣ ಹಾಕಿ ನೋಡಿದರೆ ಗುರುತು ಸಿಗುತ್ತದೆ, ಮತ್ತು ಆ ಪರೀಕ್ಷೆ ದುಬಾರಿಯದ್ದಲ್ಲ. ಮೆದುಳಿನ ನಡುವಿರುವ ಪೀನಿಯಲ್ ಗ್ರಂಥಿಯ ಬಳಿ ಬೆಳೆಯುವ ಜರ್ಮ್ ಸೆಲ್ ಗಡ್ಡೆಗಳಲ್ಲಿ ಎಎಫ್‌ಪಿ ಮತ್ತು ಬೀಟಾ ಎಚ್‌ಸಿಜಿ ಎಂಬ ಎರಡು ರಕ್ತಪರೀಕ್ಷೆಗಳಿಂದಲೇ ಎಷ್ಟೋ ತಿಳಿದುಬಿಡುತ್ತದೆ; ಕೆಲವು ಮಕ್ಕಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಇಂಥ ರಕ್ತಪರೀಕ್ಷೆ ನಡೆಯುವುದು ಚಾಕು ಹಿಡಿಯುವ ಮೊದಲೋ ಆಮೇಲೋ ಎಂಬುದು ವರ್ಷಕ್ಕೊಂದು ಇಂಥ ಮಗುವನ್ನು ಕಾಣುವ ಕಡೆಗೂ ಹತ್ತು ಮಕ್ಕಳನ್ನು ಕಾಣುವ ಕಡೆಗೂ ಇರುವ ವ್ಯತ್ಯಾಸ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಬಿಲ್ಲೆಯೊಳಗೆ ಕೂರಿಸುತ್ತಾರೆ. ಬ್ಲಾಕ್ ಎಂದು ಆಸ್ಪತ್ರೆಗಳಲ್ಲಿ ಕರೆಯುವುದು ಇದನ್ನೇ. ಹೆಬ್ಬೆರಳಿನ ಉಗುರಿನಷ್ಟಿರುವ ಆ ಅಂಗಾಂಶ ಮಗುವಿನ ಮುಂದಿನ ಬದುಕಿನ ನಕ್ಷೆ ಎಂದರೆ ತಪ್ಪಾಗದು. ಮುಂಬೈಯ ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ, ಖಾರ್‌ಘರ್‌ನ ಆಕ್ಟ್ರೆಕ್ ಸಂಸ್ಥೆಯ ಸಂಶೋಧಕರು ಈ ಮೇಣದ ಬ್ಲಾಕ್‌ನಿಂದಲೇ, ಕೆಲವೇ ಜೀನ್‌ಗಳ ಮತ್ತು ಸೂಕ್ಷ್ಮ ಆರ್‌ಎನ್‌ಎಗಳ ಮಟ್ಟವನ್ನು ಅಳೆದು, ಮೆಡುಲ್ಲೊಬ್ಲಾಸ್ಟೋಮದ ನಾಲ್ಕು ಗುಂಪುಗಳನ್ನು ಬೇರ್ಪಡಿಸುವ ವಿಧಾನವನ್ನು ಹತ್ತು ವರ್ಷಕ್ಕೂ ಹಿಂದೆಯೇ ರೂಪಿಸಿದ್ದಾರೆ. ಅಂದರೆ ಮಗು ಮಂಗಳೂರಿನಲ್ಲೇ ಇದ್ದು, ಬ್ಲಾಕ್ ಮಾತ್ರ ಕೊರಿಯರ್‌ನಲ್ಲಿ ಮುಂಬೈಗೆ ಹೋಗಿ ಬರಬಹುದು. ಮಗುವನ್ನು ಮತ್ಸ್ಯಗಂಧ ರೈಲಿನಲ್ಲಿ ಒಯ್ದು, ಅಲ್ಲಿ ಸರದಿ ಕಾದು, ಹೊಸದಾಗಿ ಎಲ್ಲವನ್ನೂ ಆರಂಭಿಸುವ ಅಗತ್ಯ ಎಲ್ಲರಿಗೂ ಇಲ್ಲ. ಇದನ್ನು ಪೋಷಕರಿಗೆ ಮೊದಲ ವಾರದಲ್ಲೇ ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಶಸ್ತ್ರಚಿಕಿತ್ಸೆಯ ಸುತ್ತಲಿನ ದಿನಗಳಿಗೆ ತಮ್ಮದೇ ಕ್ರಮವಿದೆ. ಮೆಡುಲ್ಲೊಬ್ಲಾಸ್ಟೋಮ ಮೆದುಳಿನ ದ್ರವದ ಮೂಲಕ ಬೆನ್ನುಹುರಿಗೆ ಇಳಿಯಬಲ್ಲದು, ಆದ್ದರಿಂದ ಸಾಧ್ಯವಾದರೆ ಮೊದಲೇ ಬೆನ್ನಿನ ಎಂಆರ್‌ಐ ಆಗಬೇಕು. ಆಪರೇಶನ್ ಆದ ಮೇಲೆ ಎಷ್ಟು ಗಡ್ಡೆ ಉಳಿದಿದೆ ಎಂದು ನೋಡುವ ಎಂಆರ್‌ಐ 72 ಗಂಟೆಗಳೊಳಗೆ ಆಗಬೇಕು. ತಡವಾದರೆ ಶಸ್ತ್ರಚಿಕಿತ್ಸೆಯ ಗಾಯ ಯಾವುದು, ಉಳಿದ ಗಡ್ಡೆ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಬೆನ್ನಿನಿಂದ ದ್ರವ ತೆಗೆದು ಪರೀಕ್ಷಿಸುವುದು ಸುಮಾರು ಎರಡು ವಾರಗಳ ಬಳಿಕ. ಇವೆಲ್ಲ ಸೇರಿ ಮಗು ಸಾಮಾನ್ಯ ಅಪಾಯದ್ದೋ ಹೆಚ್ಚಿನ ಅಪಾಯದ್ದೋ ಎಂದು ತೀರ್ಮಾನವಾಗುತ್ತದೆ, ಮತ್ತು ರೇಡಿಯೇಶನ್‌ನ ಪ್ರಮಾಣ ಅದರ ಮೇಲೆಯೇ ನಿಂತಿದೆ. ಒಂದು ಸ್ಕ್ಯಾನ್ ತಪ್ಪಿದರೆ ಮಗುವಿಗೆ ಬೇಕಿಲ್ಲದಷ್ಟು ಹೆಚ್ಚೋ ಸಾಲದಷ್ಟು ಕಡಿಮೆಯೋ ಕೊಡುವ ಸಂದರ್ಭ ಬರುತ್ತದೆ.

ಪೋಷಕರನ್ನು ಅತಿ ಹೆಚ್ಚು ಕಂಗೆಡಿಸುವುದು ಬೇರೆಯೇ ಒಂದು ಸಂಗತಿ. ಕಿರುಮೆದುಳಿನ ನಡುಭಾಗದ ಗಡ್ಡೆ ತೆಗೆದ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಮಗು ಒಂದೆರಡು ದಿನ ಸರಿಯಾಗಿ ಮಾತಾಡಿ, ಆಮೇಲೆ ಇದ್ದಕ್ಕಿದ್ದಂತೆ ಮೌನವಾಗಿಬಿಡುತ್ತದೆ. ಕೈಕಾಲು ಸಡಿಲ, ಅಳು ಜೋರು, ಮಾತು ಇಲ್ಲವೇ ಇಲ್ಲ. ನಾನು ಹೇಳಿದ ಹುಡುಗಿ ಮೂರನೆಯ ದಿನ ಹೀಗಾದಳು. ಆಪರೇಶನ್ ಕೆಟ್ಟಿತು, ಬುದ್ಧಿಯೇ ಹೋಯಿತು ಎಂದು ಮನೆಯವರು ಎದೆ ಬಡಿದುಕೊಂಡರು. ಮುಂದಿನ ಚಿಕಿತ್ಸೆಯೇ ಬೇಡ, ಊರಿಗೆ ಒಯ್ಯುತ್ತೇವೆ ಎಂದು ಅಜ್ಜ ಹಟ ಹಿಡಿದರು. ಹೀಗಾಗಬಹುದು, ವಾರಗಳಲ್ಲೋ ತಿಂಗಳುಗಳಲ್ಲೋ ಮಾತು ಮರಳುತ್ತದೆ ಎಂದು ಮುಂಚಿತವಾಗಿ ಒಂದು ಮಾತು ಹೇಳಿದ್ದರೆ ಆ ಎಂಟು ದಿನಗಳ ನರಕ ತಪ್ಪುತ್ತಿತ್ತು. ಐದನೆಯ ವಾರದಲ್ಲಿ ಅವಳು ಆಡಿದ ಮೊದಲ ಮಾತು "ನೀರು". ಅದೂ ಎಳೆದೆಳೆದು, ಒಂದೊಂದೇ ಅಕ್ಷರವನ್ನು ಹುಡುಕಿ ತೆಗೆದಂತೆ.

ಮೂರು ವರ್ಷ ದಾಟಿದ ಮಗುವಿಗೆ ಶಸ್ತ್ರಚಿಕಿತ್ಸೆಯಾದ ನಾಲ್ಕು ವಾರಗಳಿಂದ ರೇಡಿಯೇಶನ್‌ನ ಗಡಿಯಾರ ಓಡುತ್ತದೆ. ಏಳು ವಾರ ದಾಟಿ ಆರಂಭಿಸಿದರೆ ಫಲಿತಾಂಶ ಕುಸಿಯುತ್ತದೆ. ಇಡೀ ಮೆದುಳು ಮತ್ತು ಬೆನ್ನುಹುರಿಗೆ, ಸಾಮಾನ್ಯ ಅಪಾಯದ ಮಗುವಿಗಾದರೆ 23.4 ಗ್ರೇ (ರೇಡಿಯೇಶನ್ ಅಳೆಯುವ ಮಾನ), ಹೆಚ್ಚಿನ ಅಪಾಯವಿದ್ದರೆ 36 ಗ್ರೇ, ಗಡ್ಡೆಯಿದ್ದ ಜಾಗಕ್ಕೆ ಒಟ್ಟು 54 ಗ್ರೇ. ವಾರಕ್ಕೆ ಐದು ದಿನ, ಆರು ವಾರ, ನಡುವೆ ಬಿಡುವಿಲ್ಲದಂತೆ. ಬೆಳೆಯುವ ಮೆದುಳಿಗೆ ಇದರಿಂದ ಆಗುವ ಪೆಟ್ಟು ದೊಡ್ಡದಾದ್ದರಿಂದ ಮೂರರೊಳಗಿನ ಮಕ್ಕಳಿಗೆ ಇದನ್ನು ತಪ್ಪಿಸಿ ಕಿಮೊಥೆರಪಿಯಿಂದಲೇ ಕಾಲ ತಳ್ಳಲು ಯತ್ನಿಸುತ್ತಾರೆ. ಪ್ರಮಾಣ ಇಳಿಸುವ ಪ್ರಯತ್ನಗಳು ಬಹಳ ನಡೆದಿವೆ. ಅಮೆರಿಕದ ಅಧ್ಯಯನವೊಂದರಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ 23.4ರ ಬದಲು 18 ಗ್ರೇ ಕೊಟ್ಟಾಗ ಫಲಿತಾಂಶ ಕೆಳಗಿಳಿಯಿತು. ಡಬ್ಲ್ಯೂಎನ್‌ಟಿ ಗುಂಪಿನ ಮಕ್ಕಳಿಗೆ ಇಡೀ ಮೆದುಳು ಮತ್ತು ಬೆನ್ನುಹುರಿಯ ರೇಡಿಯೇಶನ್ನನ್ನೇ ಬಿಟ್ಟು, ಗಡ್ಡೆಯಿದ್ದ ಜಾಗಕ್ಕೆ ಮಾತ್ರ ಕೊಟ್ಟು ನೋಡಿದ ಟಾಟಾ ಸ್ಮಾರಕ ಕೇಂದ್ರದ ಪ್ರಯೋಗವನ್ನು, ಕೆಲವು ಮಕ್ಕಳಲ್ಲಿ ಗಡ್ಡೆ ಮರಳಿದ್ದರಿಂದ, ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಒಳ್ಳೆಯ ಗುಂಪಿನ ಗಡ್ಡೆ, ಸ್ವಲ್ಪ ಕಡಿಮೆ ಕೊಟ್ಟರಾಯಿತು ಎಂದು ಯಾವ ಆಸ್ಪತ್ರೆಯೂ ತನ್ನಷ್ಟಕ್ಕೆ ತೀರ್ಮಾನಿಸುವಂತಿಲ್ಲ.

ರೇಡಿಯೇಶನ್ ಕೋಣೆಯಲ್ಲಿ ಮಗುವಿನ ತಲೆ ಕೂದಲೆಳೆಯಷ್ಟೂ ಕದಲಬಾರದು. ಅದಕ್ಕಾಗಿ ಬಿಸಿನೀರಿನಲ್ಲಿ ಮೆತ್ತಗಾಗುವ ಬಲೆಯಂಥ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಒತ್ತುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಆರಿ, ಮೂಗು ಗಲ್ಲಗಳ ಅಚ್ಚಾಗಿ ಗಟ್ಟಿಯಾಗುತ್ತದೆ. ಆ ಮುಖವಾಡವನ್ನು ಮೇಜಿಗೆ ಬಿಗಿದು ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿದಾಗ ಏಳು ವರ್ಷದ ಮಗು ಒಳಗೆ ಒಂಟಿ. ನಮ್ಮ ಹುಡುಗಿಯ ಮುಖವಾಡಕ್ಕೆ ಅಲ್ಲಿನ ಟೆಕ್ನಿಶಿಯನ್ ಒಬ್ಬರು ಯಕ್ಷಗಾನದ ಬಣ್ಣದ ವೇಷದಂತೆ ಹಣೆಗೆ, ಕೆನ್ನೆಗೆ ಬಣ್ಣ ಹಚ್ಚಿಕೊಟ್ಟರು. ಮೂರನೆಯ ದಿನದಿಂದ ಅವಳು ಅರಿವಳಿಕೆ ಇಲ್ಲದೆಯೇ ಮಲಗಿದಳು. ಅರಿವಳಿಕೆ ಬೇಕಾಗುವ ಇನ್ನೂ ಚಿಕ್ಕ ಮಕ್ಕಳಿಗಾದರೆ ಮೂವತ್ತು ದಿನವೂ ಬೆಳಗಿನವರೆಗೆ ಉಪವಾಸ, ದಿನವೂ ಸೂಜಿ, ದಿನವೂ ಅರಿವಳಿಕೆ ತಜ್ಞರ ಸಮಯ. ಒಂದು ಡಬ್ಬಿ ಬಣ್ಣ ಮತ್ತು ಅರ್ಧ ಗಂಟೆಯ ಒಲವು ಎಷ್ಟು ಅರಿವಳಿಕೆ ಉಳಿಸುತ್ತದೆ ಎಂಬುದನ್ನು ಯೋಜನೆ ಮಾಡುವವರು ನೋಡಬೇಕು.

ಪ್ರೋಟಾನ್ ಚಿಕಿತ್ಸೆಯ ವಿಷಯ ಪ್ರತಿ ಮನೆಯಲ್ಲೂ ಬಂದೇ ಬರುತ್ತದೆ. ಸಾಮಾನ್ಯ ಕ್ಷಕಿರಣಗಳು ಗಡ್ಡೆಯನ್ನು ದಾಟಿ ಮುಂದಕ್ಕೂ ಹೋಗುತ್ತವೆ, ಪ್ರೋಟಾನ್ ಕಣಗಳು ಒಂದು ಆಳದಲ್ಲಿ ನಿಂತುಬಿಡುತ್ತವೆ. ಬೆನ್ನಿಗೆ ಕೊಡುವಾಗ ಹೃದಯ, ಶ್ವಾಸಕೋಶ, ಥೈರಾಯ್ಡ್‌ಗಳಿಗೆ ಬೀಳುವ ಪಾಲು ತೀರಾ ಕಡಿಮೆಯಾಗುತ್ತದೆ. ಚೆನ್ನೈಯಲ್ಲಿ 2019ರಿಂದ ಖಾಸಗಿ ಕೇಂದ್ರವೊಂದು, ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಸರ್ಕಾರಿ ಸೌಲಭ್ಯ ಇದೆ. ಅನುಕೂಲವಿರುವವರು ಹೋಗಲಿ, ಸರ್ಕಾರಿ ಕೇಂದ್ರದ ಸರದಿ ವಿಚಾರಿಸಲಿ. ಆದರೆ ಪ್ರೋಟಾನ್‌ಗಾಗಿ ಹಣ ಕೂಡಿಸುತ್ತಾ ಒಂಬತ್ತನೆಯ ವಾರಕ್ಕೆ ತಲುಪುವುದಕ್ಕಿಂತ, ಮಂಗಳೂರಿನಲ್ಲೋ ಮಣಿಪಾಲದಲ್ಲೋ ಇರುವ, ಸಾಮಾನ್ಯ ಕ್ಷಕಿರಣ ಕೊಡುವ ಒಳ್ಳೆಯ ಲೀನಿಯರ್ ಆಕ್ಸಿಲರೇಟರ್‌ನಲ್ಲಿ ಐದನೆಯ ವಾರಕ್ಕೆ ಆರಂಭಿಸುವುದು ಮಗುವಿಗೆ ಹೆಚ್ಚು ಹಿತ. ಪ್ರೋಟಾನ್ ಮುಖ್ಯವಾಗಿ ಮುಂದಿನ ಅಡ್ಡಪರಿಣಾಮಗಳನ್ನು ತಗ್ಗಿಸುತ್ತದೆ; ಗಡ್ಡೆಯನ್ನು ಹೆಚ್ಚು ಚೆನ್ನಾಗಿ ಕೊಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಕಿಮೊಥೆರಪಿಯಲ್ಲಿ ಬಳಸುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬೆರಡು ಹಳೆಯ ಮದ್ದುಗಳ ಮೂಲ ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡ. ಈ ಮಾತು ಹೇಳಿದ ಕೂಡಲೆ ಎಲೆ ಅರೆದು ಕುಡಿಸುವ ಸಲಹೆ ಕೊಡುವವರು ಇರುವುದರಿಂದ ಸ್ಪಷ್ಟವಾಗಿ ಹೇಳಬೇಕು: ಗಿಡದಲ್ಲಿ ಆ ಸತ್ವ ಇರುವುದು ಲವಲೇಶ, ಜತೆಗೆ ವಿಷಕಾರಿ ಅಂಶಗಳೂ ಇವೆ, ಮಗುವಿಗೆ ಅದನ್ನು ಕುಡಿಸಬಾರದು. ಗ್ಲಯೋಮ ಎಂಬ, ನಿಧಾನವಾಗಿ ಬೆಳೆಯುವ ಮೆದುಳಿನ ಗಡ್ಡೆಗಳಿಗೆ ವಾರಕ್ಕೊಮ್ಮೆ ಕೊಡುವ ವಿನ್‌ಬ್ಲಾಸ್ಟಿನ್ ಇಂದಿಗೂ ಅಗ್ಗದ, ನಂಬಲರ್ಹ ಚಿಕಿತ್ಸೆ, ಮತ್ತು ಆ ಬಗೆಯ ಗಡ್ಡೆಯ ಮಕ್ಕಳಲ್ಲಿ ಬಹುಪಾಲು ಹತ್ತು ವರ್ಷದ ಬಳಿಕವೂ ಬದುಕಿರುತ್ತಾರೆ. ಅವುಗಳಲ್ಲಿ ಬಿರಾಫ್ ಜೀನಿನ ವಿ600ಇ ಎಂಬ ಬದಲಾವಣೆ ಇದ್ದರೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಎಂಬ ಜೋಡಿ ಮದ್ದಿಗೆ 2023ರಲ್ಲಿ, ಮರುಕಳಿಸಿದ ಬಿರಾಫ್ ಗಡ್ಡೆಗಳಿಗೆ ಟೊವೊರಾಫೆನಿಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಇವು ಕೆಲಸ ಮಾಡುವ ಮದ್ದುಗಳು, ಸಂಶಯವಿಲ್ಲ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗಬೇಕಾದ ಮದ್ದು ನಡುವೆ ಹಣ ಮುಗಿದು ನಿಂತರೆ ಗಡ್ಡೆ ಮತ್ತೆ ಚಿಗುರುವ ಭಯ ಇದ್ದೇ ಇದೆ. ಆರಂಭಿಸುವ ದಿನವೇ ಎಷ್ಟು ತಿಂಗಳಿಗೆ ದಾರಿಯಿದೆ ಎಂದು ಲೆಕ್ಕ ಹಾಕುವುದು ವೈದ್ಯರ ಕರ್ತವ್ಯವೂ ಹೌದು.

ಹಣದ ಮಾತು ಬಂದಾಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ಮೊದಲು ನೆನೆಯಬೇಕು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವು, ಎಪಿಎಲ್ ಆದರೆ ನಿಗದಿತ ದರದ ನೂರಕ್ಕೆ ಮೂವತ್ತು ಭಾಗ. ಆಪರೇಶನ್, ರೇಡಿಯೇಶನ್, ಸಾಮಾನ್ಯ ಕಿಮೊಗಳ ಭಾರ ಇದರಿಂದ ಬಹಳಷ್ಟು ಇಳಿದಿದೆ. ಇಳಿಯದೆ ಉಳಿದಿರುವುದು ಆರು ವಾರ ಪೇಟೆಯಲ್ಲಿ ಹಿಡಿದ ಕೋಣೆಯ ಬಾಡಿಗೆ, ಬೋಟಿಗೆ ಹೋಗದ ದಿನಗಳ ಸಂಬಳ, ಬೈಂದೂರಿನಿಂದಲೋ ಸುಳ್ಯದಿಂದಲೋ ದಿನವೂ ಬಸ್ಸಿನಲ್ಲಿ ಬಂದುಹೋಗುವ ಖರ್ಚು, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು. ನಾಲ್ಕು ವಾರ ಸತತವಾಗಿ ಚಿಕಿತ್ಸೆಗೆ ಬಾರದಿದ್ದರೆ ಅದನ್ನು ಚಿಕಿತ್ಸೆ ಕೈಬಿಟ್ಟಂತೆ ಎಂದು ಮಕ್ಕಳ ಕ್ಯಾನ್ಸರ್ ತಜ್ಞರು ಗಣಿಸುತ್ತಾರೆ. ಹೀಗೆ ಕೈಬಿಡುವವರಲ್ಲಿ ಮಗುವಿನ ಮೇಲೆ ಪ್ರೀತಿಯಿಲ್ಲದವರು ಯಾರೂ ಇಲ್ಲ. ಅವರನ್ನು ಸೋಲಿಸುವುದು ಹೆಚ್ಚಾಗಿ ಈ ಬಾಡಿಗೆ ಮತ್ತು ಬಸ್ಸು. ಮುಂಬೈಯಲ್ಲಿ 2006ರಲ್ಲಿ ಆರಂಭವಾದ ಸೇಂಟ್ ಜ್ಯೂಡ್ ಚೈಲ್ಡ್‌ಕೇರ್ ಕೇಂದ್ರಗಳು ದೂರದಿಂದ ಬರುವ ಇಂಥ ಕುಟುಂಬಗಳಿಗೆ ಉಚಿತ ವಸತಿ ಕೊಡುತ್ತಾ ಬಂದಿವೆ. ಮಂಗಳೂರಿಗೂ ಮಣಿಪಾಲಕ್ಕೂ ಅದೇ ಬಗೆಯ ಮನೆಗಳು ಬೇಕು.

ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಕೃಷ್ಣಾಷ್ಟಮಿಯ, ವಿಟ್ಲಪಿಂಡಿಯ ಹೊತ್ತಿಗೆ ಮೈತುಂಬ ಬಣ್ಣ ಬಳಿದು ವೇಷ ಹಾಕಿ, ಬಿಸಿಲು ಮಳೆಯೆನ್ನದೆ ಬೀದಿ ಸುತ್ತಿ, ಸಂಗ್ರಹವಾದ ಹಣವನ್ನು ಕಾಯಿಲೆಯ ಮಕ್ಕಳಿಗೆ ಒಪ್ಪಿಸುವ ರವಿ ಕಟಪಾಡಿಯವರು ಕೂಲಿ ಕೆಲಸದವರು. ಅವರಂತೆ ವೇಷ ಹಾಕುವ ಯುವಕರ ತಂಡಗಳು ಈಗ ಊರೂರಿನಲ್ಲಿವೆ. ನಾನು ಅವರಿಗೆ ಕೈಮುಗಿಯುತ್ತೇನೆ. ಆದರೆ ಗಡ್ಡೆ ಅಷ್ಟಮಿಯವರೆಗೆ ಕಾಯುವುದಿಲ್ಲ. ಮಾಘದಲ್ಲಿ ರೋಗ ಪತ್ತೆಯಾದ ಮಗುವಿಗೂ, ಫೋಟೊ ಹಾಕಿ ವಾಟ್ಸಾಪಿನಲ್ಲಿ ಬೇಡಲು ಮನಸ್ಸಾಗದ ಮನೆಯ ಮಗುವಿಗೂ ಅದೇ ವಾರಗಳು ಬೇಕು. ಈ ಔದಾರ್ಯದ ಒಂದು ಪಾಲು ವರ್ಷವಿಡೀ ತೆರೆದಿರುವ ನಿಧಿಯಾಗಿ, ಬಾಡಿಗೆಗೂ ಪ್ರಯಾಣಕ್ಕೂ ಜೀನ್ ಪರೀಕ್ಷೆಗೂ ಮೊದಲ ವಾರದಲ್ಲೇ ಒದಗುವಂತಾದರೆ ಅದರ ಬೆಲೆ ಹಲವು ಪಟ್ಟಾಗುತ್ತದೆ.

ವಾಸಿಯಾಗದ ಗಡ್ಡೆಗಳ ಬಗ್ಗೆಯೂ ಹೇಳದೆ ಮುಂದೆ ಹೋಗಲಾಗದು. ಮೆದುಳಕಾಂಡದಲ್ಲಿ ಹರಡಿಕೊಂಡು ಬೆಳೆಯುವ ಡಿಐಪಿಜಿ ಎಂಬ ಗಡ್ಡೆಯನ್ನು ಕತ್ತರಿಸಿ ತೆಗೆಯಲಾಗದು. ಉಸಿರಾಟ, ನುಂಗುವಿಕೆ, ಕಣ್ಣಿನ ಚಲನೆ ಎಲ್ಲವನ್ನೂ ನಡೆಸುವ ನರಗಳ ನಡುವೆಯೇ ಅದು ಹೆಣೆದುಕೊಂಡಿರುತ್ತದೆ. ರೇಡಿಯೇಶನ್‌ನಿಂದ ಕೆಲವು ತಿಂಗಳು ಮಗು ಮತ್ತೆ ನಡೆಯುತ್ತದೆ, ನಗುತ್ತದೆ. ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳ ಆಯುಸ್ಸು. ಇಲ್ಲಿ ಆರು ವಾರದ ರೇಡಿಯೇಶನ್‌ಗೆ ಬದಲಾಗಿ 13 ದಿನಗಳಲ್ಲಿ 39 ಗ್ರೇ ಕೊಡುವ ಕ್ರಮವನ್ನು ಈಜಿಪ್ಟಿನ ಮಕ್ಕಳ ಕ್ಯಾನ್ಸರ್ ಆಸ್ಪತ್ರೆ ಪರೀಕ್ಷಿಸಿ ನೋಡಿದೆ, ಬದುಕಿನ ಅವಧಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಉಳಿದಿರುವುದೇ ಕೆಲವು ತಿಂಗಳಾದಾಗ ಮೂರು ವಾರಗಳನ್ನು ಆಸ್ಪತ್ರೆಯಿಂದ ಬಿಡಿಸಿ ಮನೆಗೆ ಕೊಡುವುದು ದೊಡ್ಡ ಉಡುಗೊರೆ. 2025ರ ಆಗಸ್ಟ್‌ನಲ್ಲಿ ಇದೇ ಬಗೆಯ ಗಡ್ಡೆಗಳಿಗೆಂದು ಅಮೆರಿಕದಲ್ಲಿ ಅನುಮತಿ ಪಡೆದ ಡೊರ್ಡಾವಿಪ್ರೋನ್ ಎಂಬ ಮದ್ದಿನ ಸುದ್ದಿ ನಮ್ಮಲ್ಲಿಗೂ ತಲುಪಿದೆ. ಅದರ ಅನುಮತಿಗೆ ಆಧಾರವಾದ 50 ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದು ನೂರಕ್ಕೆ 22ರಷ್ಟು ಮಂದಿಯಲ್ಲಿ, ಮತ್ತು ಡಿಐಪಿಜಿಯ ರೋಗಿಗಳು ಆ ಐವತ್ತರಲ್ಲಿ ಸೇರಿರಲಿಲ್ಲ. ಮನೆ ಅಡವಿಟ್ಟು ಅದನ್ನು ತರಿಸಲು ಹೊರಟ ತಂದೆಗೆ ಈ ಎರಡನೆಯ ಮಾತನ್ನು ಮರೆಮಾಚದೆ ಹೇಳಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಮನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಇಂಥ ವಿಭಾಗದವರು ರೋಗನಿರ್ಣಯದ ವಾರದಿಂದಲೇ ಜತೆಗಿದ್ದರೆ ನೋವು, ವಾಂತಿ, ನುಂಗಲಾಗದ ಸಂಕಟ ಎಲ್ಲಕ್ಕೂ ಮನೆಯಲ್ಲೇ ದಾರಿ ಸಿಗುತ್ತದೆ. ಕೊನೆಯ ವಾರ ಕಂಡು ಕಳಿಸಿದರೆ ಅವರು ಮಾಡಬಹುದಾದದ್ದು ಸ್ವಲ್ಪ.

ಇದಕ್ಕೆಲ್ಲ ಪರಿಹಾರವೆಂದು ನಾನು ಕೇಳುವುದು ದೊಡ್ಡ ಬಜೆಟ್ಟಿನ ಕೆಲಸವಲ್ಲ. ಕರಾವಳಿಯ ಎಲ್ಲ ಆಸ್ಪತ್ರೆಗಳ ಮಕ್ಕಳ ಕ್ಯಾನ್ಸರ್ ತಜ್ಞರು, ನರಶಸ್ತ್ರಚಿಕಿತ್ಸಕರು, ರೇಡಿಯೇಶನ್ ಮತ್ತು ಪೆಥಾಲಜಿ ತಜ್ಞರು ವಾರಕ್ಕೊಮ್ಮೆ ಒಂದು ಗಂಟೆ ವೀಡಿಯೊ ಮೂಲಕ ಸೇರಿ, ಯಾವ ಆಸ್ಪತ್ರೆಗೆ ಬಂದ ಮಗುವಾದರೂ ಆ ಮಗುವಿನ ಸ್ಕ್ಯಾನ್‌ಗಳನ್ನು ಒಟ್ಟಿಗೆ ನೋಡುವ ಒಂದು ಟ್ಯೂಮರ್ ಬೋರ್ಡ್ ಸಾಕು. 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ದೇಶದ ಆಸ್ಪತ್ರೆಗಳನ್ನು ಹೀಗೆಯೇ ಬೆಸೆಯಲು ಹೊರಟದ್ದು, ಚೌಕಟ್ಟನ್ನು ಹೊಸದಾಗಿ ಕಟ್ಟಬೇಕಿಲ್ಲ. ತುರ್ತಾಗಿ ಶಂಟ್ ಎಂಬ ನಳಿಕೆ ಹಾಕಿ ದ್ರವದ ಒತ್ತಡ ಇಳಿಸಬೇಕಾದ ಮಗುವನ್ನು ಮೊದಲು ಸಿಕ್ಕ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬೇಕು. ಆದರೆ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ಇಂಥವನ್ನು ಹೆಚ್ಚು ಮಾಡುವ ಒಂದೆರಡು ಕಡೆಗೆ ಸೇರುವಂತೆ ಆಸ್ಪತ್ರೆಗಳು ತಮ್ಮತಮ್ಮಲ್ಲೇ ಒಪ್ಪಿಕೊಳ್ಳಬೇಕು. ರೋಗಿಯನ್ನು ಬಿಟ್ಟುಕೊಡುವುದು ಖಾಸಗಿ ಆಸ್ಪತ್ರೆಗಳಿಗೆ ಸುಲಭವಲ್ಲ ಎಂದು ನನಗೆ ತಿಳಿದಿದೆ. ವರ್ಷಕ್ಕೆ ಮೂರು ಮಕ್ಕಳ ಲೆಕ್ಕದಲ್ಲಿ ಯಾವ ಆಸ್ಪತ್ರೆಯ ಆದಾಯವೂ ಮುಳುಗುವುದಿಲ್ಲ ಎಂದೂ ತಿಳಿದಿದೆ. ಕೆಳಹಂತದಲ್ಲಿ, 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಹೇಗೂ ಹೋಗುತ್ತವೆ. ಮಗುವನ್ನು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದು ಗೆರೆಯ ಮೇಲೆ ನಡೆಸಿ ನೋಡುವುದಕ್ಕೆ ಒಂದು ನಿಮಿಷ ಬೇಕು. ಕನ್ನಡಕ ಕೊಡುವ ಮೊದಲು ಕಣ್ಣಿನ ಒಳಪದರವನ್ನು ಒಮ್ಮೆ ನೋಡಿದರೆ ನರದ ಊತ ಅಲ್ಲಿಯೇ ಕಾಣುತ್ತದೆ.

ಗಡ್ಡೆ ಹೋದ ಮೇಲೆ ಚಿಕಿತ್ಸೆ ಮುಗಿಯಿತು ಎಂದು ಊರು ತಿಳಿಯುತ್ತದೆ. ಸಿಸ್‌ಪ್ಲಾಟಿನ್ ಎಂಬ ಕಿಮೊ ಮದ್ದಿನಿಂದ ಕಿವಿಯ ಸೂಕ್ಷ್ಮ ಸ್ವರಗಳು ಮೊದಲು ಹೋಗುತ್ತವೆ. ಸ, ಶ, ತ ಕೇಳದ ಮಗು ಕೊನೆಯ ಬೆಂಚಿನಲ್ಲಿ ಕೂತರೆ ದಡ್ಡಿ ಎನಿಸಿಕೊಳ್ಳುತ್ತದೆ. ರೇಡಿಯೇಶನ್ ತಾಗಿದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಕಡಿಮೆ ಮಾಡುತ್ತದೆ, ಥೈರಾಯ್ಡ್ ಕುಂದುತ್ತದೆ, ಲೆಕ್ಕ ಮಾಡುವ ವೇಗ ಇಳಿಯುತ್ತದೆ. ಇವೆಲ್ಲಕ್ಕೂ ಪರೀಕ್ಷೆಗಳಿವೆ, ಬಹುಪಾಲಿಗೆ ಉಪಾಯಗಳೂ ಇವೆ; ಬೇಕಿರುವುದು ವರ್ಷಕ್ಕೊಮ್ಮೆ ನೆನಪಿಟ್ಟು ಕರೆಯುವವರು.

ಆ ಹುಡುಗಿಗೆ ಈಗ ಹನ್ನೊಂದು. ಎರಡೂ ಕಿವಿಗೆ ಶ್ರವಣಯಂತ್ರವಿದೆ, ತರಗತಿಯಲ್ಲಿ ಮೊದಲ ಬೆಂಚು, ಪರೀಕ್ಷೆಗೆ ಅರ್ಧ ಗಂಟೆ ಹೆಚ್ಚಿನ ಸಮಯ. ಅವಳ ತಾಯಿ ಅಕ್ಕಿ ಚೀಲದ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹೊಲಿದ ಕೈಚೀಲವೊಂದರಲ್ಲಿ ಕಡತ ಇಟ್ಟಿದ್ದಾರೆ: ಆಪರೇಶನ್ ಟಿಪ್ಪಣಿ, ಬ್ಲಾಕ್‌ನ ನಂಬರು, ಎಲ್ಲ ಎಂಆರ್‌ಐಗಳ ಸಿಡಿ, ಎಷ್ಟು ಗ್ರೇ ಎಲ್ಲೆಲ್ಲಿಗೆ ಕೊಟ್ಟರೆಂಬ ಒಂದು ಪುಟದ ಸಾರಾಂಶ, ಪ್ರತಿ ಕಿಮೊದ ದಿನಾಂಕ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಆ ಚೀಲ ಮೇಜಿನ ಮೇಲೆ ಬರುತ್ತದೆ. ಮುಂದಿನ ಸ್ಕ್ಯಾನ್ ಮೇ ಕೊನೆಯಲ್ಲಿ, ಮಳೆ ಹಿಡಿದು ಸಂಕ ಜಾರುವ ಮೊದಲು.